ಕೊನೆಯವನು ಮೇಲೆ ಬರುವವರೆಗೆ

ನಮ್ಮತ್ತೆ ಮೊದಲ ಸಲ ನನ್ನ ಆಫೀಸಿನ ಗೇಟಿನ ಮುಂದೆ ಬಂದು ನಿಂತಾಗ ಭೂಮಿ ಬಾಯ್ಬಿಡಬಾರದೇ ಅನ್ನಿಸಿತ್ತು ನನಗೆ. ಭೂಮಿ ಅದಕ್ಕೆ ಸ್ವಲ್ಪ ಮುಂಚೆ ಲಘುವಾಗಿ ನಡುಗಿತ್ತು ಬೇರೆ. ಅಹಮದಾಬಾದಿನಲ್ಲಿ ನೆಲ ಅಲುಗಿದರೆ ಜನ ಬಯಲಿಗೆ ಓಡುತ್ತಾರೆ; ಹಳೆಯ ಭೂಕಂಪವನ್ನು ಈ ಊರು ಮರೆತಿಲ್ಲ. ಚಾಂದ್‌ಖೇಡಾದ ನಮ್ಮ ಕ್ವಾರ್ಟರ್ಸಿನವರೆಲ್ಲ ಪಾರ್ಕಿನಲ್ಲಿ ಸೇರಿದ್ದರೆ, ಅತ್ತೆಯೊಬ್ಬರು ಮಾತ್ರ ಚಪ್ಪಲಿ ಮೆಟ್ಟಿಕೊಂಡು, ಲಾರಿಗಳು ಓಡಾಡುವ ಹೆದ್ದಾರಿ ದಾಟಿ, ಅಳಿಯ ಮೇಲೆ ಬಂದನೋ ಇಲ್ಲವೋ ನೋಡಲು ಬಂದಿದ್ದರು.

ನಾನು ಕೆಲಸ ಮಾಡುವುದು ಮೂರನೇ ಮಹಡಿಯಲ್ಲಿ. ಇಳಿದು ಬರಬೇಕೇ ಹೊರತು ಮೇಲೆ ಬರುವ ಮಾತೇ ಇಲ್ಲ. ಅವಸರದಲ್ಲಿ ಇಳಿದು ಎದುರಿಗೆ ನಿಂತರೂ ಅತ್ತೆ ಅಲುಗಲಿಲ್ಲ. "ನೀವು ಬಂದ್ರಿ, ಸರಿ. ಮಿಕ್ಕೋರು ಇನ್ನೂ ಒಳಗವ್ರಲ್ಲ" ಅಂದರು. ಮಿಕ್ಕವರು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದರು. ಸಹೋದ್ಯೋಗಿಗಳು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು.

ಅತ್ತೆ ಕೋಲಾರದ ಚಿನ್ನದ ಗಣಿಯ ಊರಿನವರು. ಮಾವ ಗಣಿಗಿಳಿದು ಬಂಡೆ ಕೊರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗಿದ್ದಾರೆ. ಮಾತಿನಲ್ಲಿ, ನೆನಪಿನಲ್ಲಿ, ನನ್ನ ಕಾಲೆಳೆಯುವುದರಲ್ಲಿ ಇಂದಿಗೂ ಚುರುಕು. ಆದರೆ ಆ ದಿನದಿಂದ ನೆಲ ಅದುರುವುದೇ ತಡ, ಹೊರಟುಬಿಡುತ್ತಿದ್ದರು. ಹೆದ್ದಾರಿಯಲ್ಲಿ ಮೇಲ್ಸೇತುವೆಯ ಕೆಲಸ ಶುರುವಾಗಿತ್ತು. ಕಂಬಕ್ಕೆ ನೆಲ ಕೊರೆಯುವಾಗ ನಮ್ಮ ಅಡುಗೆಮನೆಯ ಪಾತ್ರೆಗಳು ಗಡಗಡ ಎನ್ನುತ್ತಿದ್ದವು. ಒಂದು ದಿನ ಲಾರಿಯೊಂದು ಅತ್ತೆಯ ಸೀರೆಯ ಸೆರಗಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ನನ್ನ ಹೆಂಡತಿ ಅತ್ತಳು. ನಾನು ಹೋಗಿ ಹೊರಬಾಗಿಲಿಗೆ ದೊಡ್ಡದೊಂದು ಬೀಗ ತಂದೆ.

ಬೀಗ ನೋಡಿ ಸಿಡಿದವಳು ನಮ್ಮ ಮಗಳು. ಇವಳು ಗುಜರಾತಿನಲ್ಲೇ ಹುಟ್ಟಿ ಬೆಳೆದವಳು. ಭಾನುವಾರದ ಬೆಳಿಗ್ಗೆ ಹಳೆಯ ಅಹಮದಾಬಾದಿನ ಗಲ್ಲಿಗಳಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ಹೋಗಿ ಕಥೆ ಹೇಳುವುದು ಅವಳ ಕೆಲಸ. ಗುಜರಾತಿ ನೀರು ಕುಡಿದಂತೆ ಬರುತ್ತದೆ. ಕನ್ನಡ ಮಾತ್ರ ಎಡವುತ್ತಾ ಬರುತ್ತದೆ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಇವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ, ಇಬ್ಬರಿಗೂ ಅರ್ಧಂಬರ್ಧ ತಿಳಿಯುತ್ತದೆ. ಬೀಗ ಹಾಕುವ ಮೊದಲು ಅಜ್ಜಿಯನ್ನು ಅವರ ಊರಿನಲ್ಲಿ ಒಮ್ಮೆ ನಡೆಸಿಕೊಂಡು ಬರೋಣ, ಆಮೇಲೂ ಹೀಗೇ ಆದರೆ ತಾನೇ ಬೀಗ ಹಾಕುತ್ತೇನೆ ಅಂದಳು. ನನಗೆ ನಂಬಿಕೆ ಇರಲಿಲ್ಲ. ಆದರೂ ಅತ್ತೆ, ಮಗಳು, ನಾನು ಮೂವರೂ ಹೊರಟೆವು.

ಬೆಂಗಳೂರಿನಿಂದ ರೈಲಿನಲ್ಲಿ ಹೋಗಿ ಅತ್ತೆಯ ಊರಿನಲ್ಲಿ ಇಳಿದಾಗ ಬೆಳಗಿನ ತಂಪು ಇನ್ನೂ ಹೋಗಿರಲಿಲ್ಲ. ಆ ಊರಿನ ಜನ ಬುತ್ತಿ ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೊರಟಿದ್ದರು. ಮಗಳು ರೂಢಿಯಂತೆ ಮುಂದೆ ನಿಂತು, ಫೋನು ನೋಡಿಕೊಂಡು, ಚಿನ್ನದಾಸೆಗೆ ಯಾರು ಯಾರು ಇಲ್ಲಿಗೆ ಬಂದರು, ಗಣಿ ಎಷ್ಟು ಆಳ ಹೋಯಿತು ಎಂದು ಶುರು ಮಾಡಿದಳು. ಇದು ನಿನ್ನ ಅಮ್ದಾವಾದ ಅಲ್ಲ, ಸುಮ್ಮನೆ ನನ್ನ ಹಿಂದೆ ಬಾ ಎಂದು ಅತ್ತೆ ಅವಳನ್ನು ಪಕ್ಕಕ್ಕೆ ಸರಿಸಿದರು. ಆ ಕ್ಷಣದಿಂದ ಗೈಡು ಅವರೇ.

ಚಿನ್ನ ಸೋಸಿ ಉಳಿದ ಮಣ್ಣು ಸುರಿದ, ಬೂದು ಬಣ್ಣದ ಸೈನೈಡ್ ದಿಬ್ಬಗಳ ಮಗ್ಗುಲಲ್ಲಿ ನಡೆದೆವು. ಹುಲ್ಲು ಹುಟ್ಟದು ಎನ್ನುವ ಆ ಮಣ್ಣಿನಲ್ಲಿ ಅಲ್ಲಲ್ಲಿ ಜಾಲಿ ಎದ್ದಿತ್ತು. ದಾಟಿದರೆ ಕೆಲಸಗಾರರ ಸಾಲುಮನೆಗಳು. ಅತ್ತೆ ಒಂದು ಮನೆಯವರನ್ನು ಕೇಳಿ ಒಳಗೆ ಹೋಗಿ ಅಡುಗೆಮನೆಯ ಗೂಡು ತೋರಿಸಿದರು. ಗೂಡಿಗೆ ಅಡ್ಡಲಾಗಿ ಕಬ್ಬಿಣದ ಸರಳು. ಗಣಿಯೊಳಗೆ ಬಂಡೆ ಸಿಡಿದಾಗ ಊರೇ ನಡುಗಿ ಪಾತ್ರೆ ಬೀಳುತ್ತಿದ್ದವಂತೆ, ಅದಕ್ಕೆ. ಮಗಳು ಸರಳನ್ನು ಮುಟ್ಟಿ ನೋಡಿದಳು. ಚಾಂದ್‌ಖೇಡಾದ ನಮ್ಮ ಮನೆಯಲ್ಲೂ ಅತ್ತೆ ಗೂಡಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದಾರೆ. ಅದು ಬಟ್ಟೆ ಒಣಗಿಸಲಿಕ್ಕೆ ಎಂದು ನಾನು ನನ್ನ ಕರವಸ್ತ್ರ ಹರವುತ್ತಿದ್ದೆ.

ಅಲ್ಲಿಂದ ಅತ್ತೆಯ ನಡಿಗೆ ಬಿರುಸಾಯಿತು. ನೆಲ ನಡುಗಿದಾಗ ಹೆಂಗಸರು ಗಣಿಯ ಕಡೆಗೆ ಓಡುತ್ತಿದ್ದ ದಾರಿ ಅದು. ಕೊನೆಗೆ ಗಣಿಯ ಬಾಯಿ, ಅದರ ಮೇಲೆ ಕೆಲಸಗಾರರನ್ನು ಇಳಿಸಿ ಎತ್ತುತ್ತಿದ್ದ, ಈಗ ನಿಂತುಹೋದ ದೊಡ್ಡ ಚಕ್ರ, ಮುಂದೆ ಮುಚ್ಚಿದ ಗೇಟು. ಅತ್ತೆ ಕಂಬಿ ಹಿಡಿದು ನಿಂತರು, ನನ್ನ ಆಫೀಸಿನ ಮುಂದೆ ನಿಂತ ಹಾಗೆಯೇ.

ಯಾಕೆ ಎಲ್ಲರಿಗೂ ಕಾಯಬೇಕು ಎಂದು ಮಗಳು ಕೇಳಿದಳು.

"ಕೊನೇವ್ನು ಮೇಲಕ್ಕೆ ಬರೋಗಂಟ ಯಾರೂ ಮನೆಗೋಗಂಗಿಲ್ಲ, ಮಗಾ. ಒಂದ್ಸಲ ಎಲ್ರ ಗಂಡಂದ್ರೂ ಬಂದ್ರು, ನಿನ್ ತಾತ ಬರ್ಲಿಲ್ಲ. ಆದ್ರೂ ಒಬ್ಳೂ ಮನೆಗೋಗ್ಲಿಲ್ಲ. ತಾತ ಮೇಲಕ್ಕೆ ಬರೋಗಂಟ ನನ್ ಜೊತೆ ನಿಂತೇ ಇದ್ರು. ತಾತನೇ ಅವತ್ತು ಕೊನೇವ್ನು."

ಮಗಳು ಅಜ್ಜಿಯ ಪಕ್ಕ ಕಂಬಿ ಹಿಡಿದು ನಿಂತಳು. ಸುಳ್ಳೇಕೆ, ನನ್ನ ಕಣ್ಣು ತುಂಬಿತು.

ಅಹಮದಾಬಾದಿಗೆ ಹಿಂತಿರುಗಿದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ನಂಬಬೇಡಿ. ಒಂದು ಮಧ್ಯಾಹ್ನ ಮತ್ತೆ ಕೊರೆತ ಶುರುವಾಯಿತು, ಅತ್ತೆ ಮತ್ತೆ ಚಪ್ಪಲಿ ಮೆಟ್ಟಿದರು. ಮಗಳು ಬೀಗದ ಕಡೆ ನೋಡಲಿಲ್ಲ. ತಾನೂ ಚಪ್ಪಲಿ ಹಾಕಿಕೊಂಡು, ಅಜ್ಜಿಯ ಕೈ ಹಿಡಿದು ಹೆದ್ದಾರಿ ದಾಟಿಸಿದಳು. ನಾನು ಆಫೀಸಿನ ಕಿಟಕಿಯಿಂದ ನೋಡಿದರೆ ಗೇಟಿನಾಚೆ ಇಬ್ಬರೂ ಅಕ್ಕಪಕ್ಕ ನಿಂತಿದ್ದರು.

ಆಫೀಸು ಬಿಡುವ ಹೊತ್ತಾಗುತ್ತಲೇ ಮೊದಲು ಹೊರಗೆ ಬೀಳುವವನು ನಾನು. ಅದಕ್ಕೆ ನನಗೆ ಅಡ್ಡಹೆಸರೂ ಇದೆ. ಅವತ್ತು ಕೂತೇ ಇದ್ದೆ. ಒಬ್ಬೊಬ್ಬರೇ ಹೊರಟರು. ಎರಡನೇ ಮಹಡಿಯವರು, ಕ್ಯಾಂಟೀನಿನವರು, ಯಾವಾಗಲೂ ತಡಮಾಡುವ ನಮ್ಮ ಮೇಲಧಿಕಾರಿ ಕೂಡ. ಗೇಟಿನಲ್ಲಿ ಅತ್ತೆ ಎಲ್ಲರ ಮುಖ ನೋಡಿ ನೋಡಿ ಕಳಿಸುತ್ತಿದ್ದರು. ಆಮೇಲೆ ದೀಪ ಆರಿಸಿ ಇಳಿದು ಹೋದೆ.

"ನಾನೇ ಕೊನೆಯವನು, ಅತ್ತೆ. ಒಳಗೆ ಇನ್ನು ಯಾರೂ ಇಲ್ಲ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಎಲ್ಲೂ ಪೆಟ್ಟಾಗಿಲ್ಲವಷ್ಟೇ ಎನ್ನುವಂತೆ.

"ಅಂಗಾದ್ರೆ ನಡೀರಿ ಮನೆಗೆ" ಅಂದರು.