ಹರವಿಗಳ ನಡುವೆ ಚುಟ್ಟಾದ ಪೆಟ್ಟಿಗೆ

ನಾನಾಗ ಹತ್ತು ವರ್ಷದ ಹುಡುಗಿ. ಅರವತ್ತು ವರ್ಷದ ಹಿಂದಿನ ಮಾತು. ಆಗಿನ ಮಕ್ಕಳಿಗೆ ದೆವ್ವದ ಹೆದರಿಕೆ ಇತ್ತು, ಹಾವಿನ ಹೆದರಿಕೆ ಇತ್ತು, ಸಾಲಿ ಮಾಸ್ತರರ ಹೆದರಿಕೆ ಇತ್ತು. ನನಗೆ ಅವು ಯಾವುವೂ ಇರಲಿಲ್ಲ. ನನಗಿದ್ದದ್ದು ಧಣಿಯ ಹೆದರಿಕೆ ಒಂದೇ.

ಮುದ್ದೇಬಿಹಾಳದಿಂದ ಎತ್ತಿನ ಗಾಡಿಯ ದಾರಿ ಹಿಡಿದು ಒಳಗೆ ಹೋಗಬೇಕು, ಅಂಥ ಊರು. ಧಣಿಯ ವಾಡೆಯ ಹಿಂದಿನ ಅಂಗಳದಲ್ಲಿ ಒಂದು ಖೋಲಿ. ಅದರಲ್ಲಿ ನಾನು ಮತ್ತು ನನ್ನ ಆಯಿ, ಅವ್ವನ ಅವ್ವ, ಬಾಳವ್ವ. ಅವ್ವ ತೀರಿಕೊಂಡಿದ್ದಳು. ಅಪ್ಪ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವನು ಅಲ್ಲೇ ಇನ್ನೊಬ್ಬಳನ್ನು ಮಾಡಿಕೊಂಡಿದ್ದ. ಆ ಖೋಲಿ ಬಿಟ್ಟರೆ ನಮಗೆ ಬೇರೆ ಸೂರು ಇರಲಿಲ್ಲ. ಆಯಿ ವಾಡೆಯ ಕಸ, ಮುಸುರೆ, ನೀರು ಎಲ್ಲ ನೋಡುತ್ತಿದ್ದಳು. ಇವೆಲ್ಲಕ್ಕಿಂತ ದೊಡ್ಡ ಕೆಲಸ ಧಣಿಯ ಚುಟ್ಟಾದ ಪೆಟ್ಟಿಗೆ ಕಾಯುವುದು.

ನಮ್ಮ ಕಡೆಯ ಮುದುಕರು ಕಟ್ಟೆಯ ಮೇಲೆ ಕೂತು ಸೇದುವ ಚುಟ್ಟಾ ಅಲ್ಲ ಅವು. ದೂರದ ತಿರುಚಿಯಿಂದ ತರಿಸುತ್ತಿದ್ದ, ಹೆಬ್ಬೆರಳು ದಪ್ಪದ, ಎಣ್ಣೆ ಸವರಿದ ಹಾಗೆ ಹೊಳೆಯುವ ಚುಟ್ಟಾ. ಪೆಟ್ಟಿಗೆ ಕೆಂಪು ಮರದ್ದು. ಮುಚ್ಚಿದರೆ ಮುಚ್ಚಳದ ಸಂದಿಯಲ್ಲಿ ಕೂದಲೂ ತೂರುತ್ತಿರಲಿಲ್ಲ. ಒಳಗೆ ಮೂಲೆಯಲ್ಲಿ ತೂತು ಹೊಡೆದ ತಗಡಿನ ಡಬ್ಬಿ, ಅದರೊಳಗೆ ಒಂದು ಹಂಚಿನ ಚೂರು. ಆಯಿ ಆ ಚೂರನ್ನು ನೀರಿನಲ್ಲಿ ನೆನೆಸಿ, ಅರಿವೆಯಿಂದ ಒರೆಸಿ, ಹನಿ ಉದುರದ ಹಾಗೆ ಮಾಡಿ ಮತ್ತೆ ಡಬ್ಬಿಯಲ್ಲಿಡುತ್ತಿದ್ದಳು. ಹಂಚು ಒಣಗಿದರೆ ಚುಟ್ಟಾ ಒಣಗುತ್ತದೆ. ಹೆಚ್ಚು ಹಸಿಯಾದರೆ ಬೂಷ್ಟು ಹಿಡಿಯುತ್ತದೆ.

ಬೂಷ್ಟು ಹಿಡಿದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೆ. ಆಯಿಗಿಂತ ಮೊದಲು ಪೆಟ್ಟಿಗೆ ನೋಡುತ್ತಿದ್ದವನು ಮಲಕಪ್ಪ. ಒಂದು ಮಳೆಗಾಲ ಚುಟ್ಟಾಗಳ ಮೇಲೆ ಬಿಳಿ ಬೂಷ್ಟು ಬಂತು. ಅಂದೇ ಅವನ ಸಾಮಾನು ಬೀದಿಗೆ ಬಿತ್ತು. ಅವನ ಹೆಂಡತಿಯ ಹಿತ್ತಾಳೆ ಕೊಡ ಕಲ್ಲಿನ ಮೆಟ್ಟಿಲುಗಳ ಮೇಲೆ ಉರುಳಿ ಹೋಯಿತು. ಆ ಸಪ್ಪಳಕ್ಕೆ ಊರಿನ ನಾಯಿಗಳೆಲ್ಲ ಬೊಗಳಿದವು. ಅವರು ಇಂಡಿ ತಾಲೂಕಿನ ಕಡೆ ಹೋದರೆಂದು ಕೇಳಿದೆ. ಅವರ ಖೋಲಿಯೇ ನಮಗೆ ಸಿಕ್ಕಿದ್ದು. ನಾವು ಒಳಗೆ ಹೋದಾಗ ಅವರ ಕೂಸಿನ ಕುಲಾಯಿ ಇನ್ನೂ ಗೋಡೆಯ ಗೂಟಕ್ಕೆ ತೂಗಾಡುತ್ತಿತ್ತು.

ಆ ವರ್ಷ ಶಿವರಾತ್ರಿ ಮುಗಿಯುತ್ತಲೇ ಧಣಿಯ ದನಿ ಕೂತುಹೋಯಿತು. ಮಿರಜಿನ ದವಾಖಾನೆಗೆ ಕರೆದೊಯ್ದರು. ಕಪಾಟಿನ ಕೀಲಿಕೈ ಅವರ ಸೊಂಟದಲ್ಲೇ ಹೋಯಿತು. ಪೆಟ್ಟಿಗೆ ಆ ಕಪಾಟಿನೊಳಗೆ. ಆಯಿ ಧಣಿಯ ಸೊಸೆಗೆ ಹೇಳಿದಳು. ಆಕೆಯನ್ನು ನಾವೆಲ್ಲ ಅವ್ವಾರು ಅನ್ನುತ್ತಿದ್ದೆವು.

"ಅವ್ವಾರ, ಕೀಲಿಕೈ ಇಲ್ಲಂದ್ರ ಹಂಚ ಹೆಂಗ ನೆನಸ್ಲಿರಿ? ಬ್ಯಾಸಗಿ ಬಂತು."

"ನಮಗ ಮಾವಾರ ಜೀವದ ಚಿಂತಿ. ನಿನಗ ಚುಟ್ಟಾದ ಚಿಂತಿ. ಹೋಗ ಬಾಳವ್ವ, ಭಾಂಡೆ ತಿಕ್ಕು."

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಕಪಾಟು ಇದ್ದ ಧಣಿಯ ಕೋಣೆ ಮಾಳಿಗೆ ಮೇಲೆ, ಅದಕ್ಕೆ ಮುಂಜಾನೆಯಿಂದ ಸಂಜೆಯವರೆಗೆ ಬಿಸಿಲು. ಯುಗಾದಿ ಮುಗಿದ ಮೇಲೆ ಜೀಪಿನ ಡ್ರೈವರ್ ಹುಸೇನಿ ಮಿರಜಿನಿಂದ ಬಂದ. ಧಣಿ ಬರುವ ಸೋಮವಾರ ಬರುತ್ತಾರೆ, ಕೋಣೆ ಸ್ವಚ್ಛ ಮಾಡಿ ಇಡಬೇಕಂತೆ ಎಂದು ಕೀಲಿಕೈ ಕೊಟ್ಟ. ಆಮೇಲೆ ನಮ್ಮ ಖೋಲಿಯ ಮುಂದೆ ಕೂತು ನೀರು ಕುಡಿಯುತ್ತ ಹೇಳಿದ.

"ಗಂಟಲದಾಗ ಹುಣ್ಣ ಆಗಿತ್ತ ಆಯಿ. ಕೊಯ್ದಾರ. ಚುಟ್ಟಾದಿಂದನ ಆಗೇತಿ ಅಂದಾನ ಡಾಕ್ಟರ."

"ಹಂಗಾರ ಇನ್ನ ಸೇದಂಗಿಲ್ಲೇನೋ ತಮ್ಮಾ?" ಆಯಿಯ ಮುಖದಲ್ಲಿ ಆಸೆ ಇತ್ತು.

"ಅವರಿಗೆ ಬ್ಯಾಡ ಅನ್ನಾವ್ರು ಯಾರು? ಪೆಟ್ಟಿಗಿ ಚಲೋ ಇಡಬೇಕಂತ ಬಾಳವ್ವಗ ಹೇಳು ಅಂತ ಕೈಸನ್ನಿ ಮಾಡ್ಯಾರ. ಅದನ್ನ ಹೇಳಾಕ ಬಂದೇನಿ."

ಆಯಿ ಕಪಾಟು ತೆರೆದು ಪೆಟ್ಟಿಗೆ ಬಿಚ್ಚಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹೊಳಪು ಹೋಗಿ ಚುಟ್ಟಾಗಳೆಲ್ಲ ತೊಗರಿ ಕಟ್ಟಿಗೆಯ ಹಾಗೆ ಆಗಿದ್ದವು. ಆಯಿ ಒಂದನ್ನು ಕಿವಿಗೆ ಹಿಡಿದು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಧಣಿ ಯಾವಾಗಲೂ ಹಾಗೆ ಮಾಡುತ್ತಿದ್ದರು. ಚಲೋ ಚುಟ್ಟಾ ಮಾತಾಡುವುದಿಲ್ಲ. ಇದು ಚರಚರ ಅಂದದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು.

"ಆಯಿ, ನಮ್ಮದೇನ ತಪ್ಪೈತಿ? ಕೀಲಿಕೈ ಅವರ ಹಂತ್ಯಾಕನ ಇತ್ತಲ್ಲ?"

"ಧಣ್ಯಾರ ಮುಂದ ಆ ಮಾತ ಆಡವ್ರು ಯಾರು? ನೀ ಆಡ್ತಿ ಏನು? ಬಾಯಿ ಮುಚ್ಚು."

ಆಯಿಗೆ ಗೊತ್ತಿದ್ದದ್ದು ವೀಳ್ಯದೆಲೆ. ಎಲೆ ಬಾಡಿದರೆ ನೀರು ಚಿಮುಕಿಸಿ ಒದ್ದೆ ಅರಿವೆಯಲ್ಲಿ ಸುತ್ತಿಟ್ಟರೆ ಸಂಜೆಗೆ ಹಸಿರಾಗುತ್ತದೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಾಡುವುದು ಅದನ್ನೇ. ಇದೂ ಎಲೆಯೇ ಅಲ್ಲವೇ ಅಂದಳು. ಪುಣ್ಯಕ್ಕೆ ಎಲ್ಲಕ್ಕೂ ನೀರು ಹೊಡೆಯಲಿಲ್ಲ. ನೋಡೋಣ ಎಂದು ಎರಡೇ ಚುಟ್ಟಾ ತೆಗೆದು ನೀರು ಚಿಮುಕಿಸಿ ಸುತ್ತಿಟ್ಟಳು. ಮಧ್ಯಾಹ್ನ ಬಿಚ್ಚಿ ನೋಡಿದರೆ ಎರಡೂ ಉಬ್ಬಿ, ಮೇಲಿನ ಎಲೆ ಉದ್ದಕ್ಕೂ ಸೀಳಿ, ಬಿರಿದ ಹತ್ತಿಕಾಯಿಯ ಹಾಗೆ ಬಾಯಿ ತೆರೆದಿದ್ದವು. ಆಯಿ ಅವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತಿಪ್ಪೆಯಲ್ಲಿ ಹೂತು ಬಂದಳು. ಬಂದು ಕೈ ತಿಕ್ಕಿ ತಿಕ್ಕಿ ತೊಳೆದಳು.

ಆ ದಿನ ನಾನು ಊಟ ಮಾಡಲಿಲ್ಲ. ವಾಡೆಯ ನೀರಿನ ಕೋಣೆಯಲ್ಲಿ ಹೋಗಿ ಕೂತೆ. ಅಲ್ಲಿ ನೀರು ತುಂಬಿದ ದೊಡ್ಡ ದೊಡ್ಡ ಮಣ್ಣಿನ ಹರವಿಗಳು ಒದ್ದೆ ಉಸುಕಿನಲ್ಲಿ ಕುತ್ತಿಗೆತನಕ ಕೂತಿರುತ್ತಿದ್ದವು. ಹೊರಗೆ ಕೆಂಡದಂಥ ಬಿಸಿಲಿದ್ದರೂ ಅಲ್ಲಿ ನೆಲ ತಣ್ಣಗೆ, ಮಣ್ಣಿನ ವಾಸನೆ. ಮೂಲೆಯಲ್ಲಿ ಸುಟ್ಟ ಹಪ್ಪಳದ ಡಬ್ಬಿ ಇತ್ತು. ನಾನೇ ತಂದಿಟ್ಟು ಮರೆತದ್ದು. ಒಂದು ತೆಗೆದು ಕಡಿದರೆ ಕಡಿಯಲೊಲ್ಲದು, ತೊಗಲಿನ ಹಾಗೆ ಬಾಗುತ್ತದೆ. ಹಪ್ಪಳ ನೀರಿನ ಹತ್ತಿರ ಇಡಬೇಡ, ಮೆತ್ತಗಾಗುತ್ತದೆ ಎಂದು ಆಯಿ ನನಗೆ ಬೈಯುತ್ತಲೇ ಇರುತ್ತಿದ್ದಳು. ಹಪ್ಪಳಕ್ಕೆ ಒಂದು ಹನಿ ನೀರೂ ಮುಟ್ಟಿರಲಿಲ್ಲ, ಬರಿ ಆ ಕೋಣೆಯ ತಂಪು ಗಾಳಿ.

ಓಡಿ ಹೋಗಿ ಆಯಿಯ ಕೈಯಲ್ಲಿ ಆ ಹಪ್ಪಳ ಇಟ್ಟೆ.

"ಇದ ಯಾಕ ಮೆತ್ತಗಾಗೇತಿ? ಮತ್ತ ಅಲ್ಲೇ ಇಟ್ಟಿ ಹೌದಿಲ್ಲೋ, ಹಡಬಿಟ್ಟಿ!" ಎಂದು ಕಿವಿ ಹಿಂಡಿದಳು. ಹಿಂಡುತ್ತ ಹಿಂಡುತ್ತ ಕೈ ನಿಂತಿತು. ಹಪ್ಪಳ ನೋಡಿದಳು, ನನ್ನನ್ನು ನೋಡಿದಳು. ಕಿವಿ ಬಿಡದೆಯೇ ಎಳೆದುಕೊಂಡು ಪೆಟ್ಟಿಗೆಯ ಹತ್ತಿರ ಹೋದಳು.

ಹರವಿಗಳ ನಡುವೆ ಎರಡು ಇಟ್ಟಿಗೆ ಹಾಕಿ ಮೇಲೆ ಪೆಟ್ಟಿಗೆ ಇಟ್ಟೆವು. ಮುಚ್ಚಳದ ಸಂದಿಗೆ ಒಂದು ಕಡ್ಡಿ ಸಿಕ್ಕಿಸಿ ಸ್ವಲ್ಪ ತೆರೆದಿಟ್ಟೆವು. ಒಳಗಿನ ಹಂಚಿನ ಚೂರನ್ನು ದಿನವೂ ನೆನೆಸಿ ಒರೆಸಿ ಇಡುವುದು, ಕೆಳಗಿನ ಚುಟ್ಟಾ ಮೇಲೆ, ಮೇಲಿನದು ಕೆಳಗೆ ಮಾಡುವುದು. ಅವಸರ ಮಾಡುವ ಹಾಗಿಲ್ಲ, ಆದರೆ ಸೋಮವಾರ ಬರುತ್ತಲೇ ಇತ್ತು. ಮೊದಲು ಚರಚರ ಎನ್ನುತ್ತಿದ್ದದ್ದು ಬರಬರುತ್ತ ಸಣ್ಣಗೆ ಪಿಸುಗುಟ್ಟತೊಡಗಿತು. ಕಿವಿಗೆ ಒತ್ತಿ ಕೇಳುವುದು ನನ್ನ ಕೆಲಸ. ಆಯಿಗೆ ಕಿವಿ ಮಂದ. ಅಂಗಳದಲ್ಲಿ ಯಾರ ಕೊಡ ಸದ್ದು ಮಾಡಿದರೂ ನಾನು ಬೆಚ್ಚಿಬೀಳುತ್ತಿದ್ದೆ.

ಸೋಮವಾರ ಧಣಿ ಬಂದರು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ್ದರು, ಅರ್ಧ ಆಳು ಆಗಿದ್ದರು. ಸಂಜೆ ಮಾಳಿಗೆಯ ಪಡಸಾಲೆಯಲ್ಲಿ ಕೂತು ಪೆಟ್ಟಿಗೆ ತರಿಸಿದರು. ಆಯಿ ಇಟ್ಟು ದೂರ ನಿಂತಳು. ನಾನು ಅವಳ ಸೀರೆ ಹಿಡಿದು ಹಿಂದೆ ನಿಂತೆ. ಧಣಿ ಒಂದು ಚುಟ್ಟಾ ತೆಗೆದರು. ಮೂಸಿದರು. ಕಿವಿಗೆ ಹಿಡಿದು ಒತ್ತಿದರು. ಸದ್ದಿಲ್ಲ. ಇನ್ನೊಂದು ತೆಗೆದು ಒತ್ತಿದರು. ಸದ್ದಿಲ್ಲ.

ಆಮೇಲೆ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ ಎರಡು ಬೆರಳು ಎತ್ತಿ ತೋರಿಸಿದರು. ಎರಡು ಎಲ್ಲಿ?

ಕೆಡಿಸಿದೆ ಅಂದರೆ ಮಲಕಪ್ಪನ ಗತಿ. ಆಯಿ ಕಣ್ಣು ಮಿಟುಕಿಸದೆ ಹೇಳಿದಳು, "ನಾನ ಸೇದೇನ್ರಿ ಧಣೇರ. ಹೊಟ್ಟಿಗೆ ಹಾಕ್ಕೋರಿ."

ನನ್ನ ಆಯಿ ಹುಟ್ಟಿದಾಗಿನಿಂದ ಚುಟ್ಟಾ ಬಾಯಿಗಿಟ್ಟವಳಲ್ಲ. ಧಣಿ ಅವಳನ್ನೇ ನೋಡಿದರು. ಅವರ ಹೊಟ್ಟೆ ಕುಣಿಯತೊಡಗಿತು. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ದನಿಯೇ ಇರಲಿಲ್ಲ.

"ಹೆಂಗಿತ್ತ ಬಾಳವ್ವ?" ಗಾಳಿಯಂಥ ಪಿಸುಮಾತು.

"ಚಲೋ ಇತ್ತ್ರಿ. ಜರಾ ಖಾರ ಇತ್ತ್ರಿ."

"ನನಗ ಬ್ಯಾಡಂದಾನ ಡಾಕ್ಟರ. ನೀ ಸೇದು. ನಾ ಹೊಗಿ ಮೂಸ್ತೇನಿ. ಕುಂಡ್ರ ಇಲ್ಲೆ." ಚುಟ್ಟಾ ಮುಂದೆ ಚಾಚಿದರು. "ದಿನಾ ಸಂಜಿಕ ಬಾ. ಪೆಟ್ಟಿಗಿ ಖಾಲಿ ಆಗೂತನ."

ಆಯಿ ಕೂತಳು. ಧಣಿಯೇ ಕಡ್ಡಿ ಗೀರಿದರು. ಮೊದಲ ಎಳೆತಕ್ಕೆ ಅವಳ ಕಣ್ಣಿಂದ ನೀರು ಸುರಿಯಿತು. ಕೆಮ್ಮನ್ನು ನುಂಗಿ ಮತ್ತೆ ಎಳೆದಳು. ಧಣಿ ಕಣ್ಣು ಮುಚ್ಚಿ ಆ ಹೊಗೆಗೆ ಮೂಗು ಒಡ್ಡಿದ್ದರು. ಅವರ ಕುತ್ತಿಗೆಯ ಬಿಳಿ ಬಟ್ಟೆಯ ಅಂಚಿನಲ್ಲಿ ಹಳದಿ ಕಲೆ ಇತ್ತು. ನಾನು ಅದನ್ನು ನೋಡಿದೆ, ಆಯಿಯ ಗಂಟಲು ನೋಡಿದೆ. ಹುಸೇನಿ ಹೇಳಿದ್ದು ನೆನಪಾಯಿತು. ಖೋಲಿ ಹೋಗುತ್ತದೆಂದು ಅಷ್ಟು ದಿನ ಹೆದರಿದ್ದೆನಲ್ಲ, ಆ ಹೆದರಿಕೆ ಈಗ ಏನೂ ಅಲ್ಲ ಅನ್ನಿಸಿತು. ಆ ಚುಟ್ಟಾಗಳಿಗೆ ಜೀವ ಬರಿಸಿದ್ದು ನಾವೇ.

ಕೆಳಗೆ ಬಂದು ಪೆಟ್ಟಿಗೆಯನ್ನು ಮತ್ತೆ ಹರವಿಗಳ ನಡುವೆ ಇಟ್ಟ ಮೇಲೆ ಆಯಿ ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು, "ಸೂರ ಉಳೀತು. ಸುಮ್ಮ ಮಲ್ಕೊ," ಅಂದಳು. ಬೆಳಗಿನತನಕ ಕೆಮ್ಮಿದಳು.

ಈಗ ಆ ವಾಡೆ ಇಲ್ಲ. ಜಾಗ ಪಾಲಾಗಿ ಮೊಬೈಲಿನ ಅಂಗಡಿ, ಗೊಬ್ಬರದ ಅಂಗಡಿ ಆಗಿವೆ. ಧಣಿಯಂಥವರು ಹೋದರು. ಹೋಗಲಿ, ಅವರಿಗಾಗಿ ನಾನು ಅಳುವುದಿಲ್ಲ. ನನ್ನ ಮನೆಯಲ್ಲಿ ಫ್ರಿಜ್ಜಿದೆ, ಮಾಳಿಗೆಯ ಮೇಲೆ ಕರಿಯ ಪ್ಲಾಸ್ಟಿಕ್ ಟಾಕಿ ಇದೆ. ಬೇಸಿಗೆಯಲ್ಲಿ ನಳ ತಿರುವಿದರೆ ಕೈ ಸುಡುತ್ತದೆ. ತಾನಾಗಿಯೇ ತಂಪಿರುವ ಮೂಲೆ ಇಡೀ ಮನೆಯಲ್ಲಿ ಒಂದೂ ಇಲ್ಲ. ನನ್ನ ಕಿವಿ ಹಿಂಡುವವರೂ ಯಾರೂ ಇಲ್ಲ. ಆಯಿ ಬಹಳ ವರ್ಷ ಬದುಕಿ, ಅದೇ ಖೋಲಿಯಲ್ಲಿ, ವಯಸ್ಸಾಗಿ ಸತ್ತಳು. ಸಾಯುವ ದಿನವೂ ನನಗೆ ಬೈದಳು. ಗಂಟಲು ಚೊಕ್ಕ ಇತ್ತು, ಆ ಒಂದು ಸಂಜೆ ಬಿಟ್ಟರೆ ಅದಕ್ಕೆ ಚುಟ್ಟಾದ ಹೊಗೆ ತಾಗಿರಲಿಲ್ಲ.

ಅವಳು ಚುಟ್ಟಾ ಸೇದಿದ ಆ ಸಂಜೆಯ ಮರುದಿನ ಬೆಳಿಗ್ಗೆ, ಅವಳು ಬಾವಿಗೆ ಹೋದದ್ದು ನೋಡಿ, ನಾನು ನೀರಿನ ಕೋಣೆಯಿಂದ ಪೆಟ್ಟಿಗೆ ಎತ್ತಿಕೊಂಡು ಮಾಳಿಗೆ ಹತ್ತಿದೆ. ಧಣಿ ಒಬ್ಬರೇ ಕೂತಿದ್ದರು. ಹೆದರಿಕೆಗೆ ನನ್ನ ಲಂಗ ಒದ್ದೆಯಾಗಿ ಕಾಲಿಗೆ ಅಂಟುತ್ತಿತ್ತು. ಪೆಟ್ಟಿಗೆಯನ್ನು ಅವರ ಕಾಲ ಹತ್ತಿರ ಇಟ್ಟೆ.

"ನಮ್ಮ ಆಯಿ ಸುಳ್ಳ ಹೇಳ್ಯಾಳ್ರಿ. ಅವೆರಡು ನೀರ ಹೊಡದಿದ್ದಕ್ಕ ಒಡದಾವ್ರಿ. ಅಕಿ ಎಂದೂ ಸೇದಿಲ್ರಿ. ಇನ್ನ ಮ್ಯಾಲೂ ಸೇದಂಗಿಲ್ರಿ," ಅಂದೆ.

ಅಂದು, ಓಡಲಿಲ್ಲ. ಅಲ್ಲೇ ನಿಂತೆ.