ಸತ್ಯವ್ವನ ಕಡ್ಡಿ ಫೋನು

"ಇದು ನಿನ್ನಿಂದಾಗುವ ಕೆಲಸವಲ್ಲ" ಎಂದು ಸತ್ಯವ್ವನಿಗೆ ಯಾರಾದರೂ ಅಂದರೋ, ಕೆಟ್ಟರು! ಆ ಕೆಲಸ ಮಾಡಿ ಮುಗಿಸಿ, ಅಂದವರ ಮುಂದೆ ಎರಡು ಸಲ ಅಡ್ಡಾಡುವ ತನಕ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಮುದ್ದೇಬಿಹಾಳದ ಕಡೆಯಿಂದ ಬಂದು ಗೋವಾದ ಮಡಗಾಂವಿನ ಮೋತಿ ಡೊಂಗರ್‌ನಲ್ಲಿ ಮನೆ ಮಾಡಿದವಳು. ಗಂಡಸು ಮೇಸ್ತ್ರಿಗಳ ನಡುವೆ ಹದಿನಾಲ್ಕು ಹೆಣ್ಣುಮಕ್ಕಳ ಸ್ವಂತ ಗುಂಪು ಕಟ್ಟಿದ್ದಳು. ಸ್ಲ್ಯಾಬ್ ಹಾಕುವ ದಿನ ಈ ಗುಂಪು ಬೇಕೇ ಬೇಕು. ಕಾಂಕ್ರೀಟು ಸುರಿಯಲು ಶುರುಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ, ಬುಟ್ಟಿ ಕೈಯಿಂದ ಕೈಗೆ ಓಡುತ್ತಲೇ ಇರಬೇಕು.

೨೦೦೭ರ ದಸರೆಯ ಮರುವಾರ ಎಡವಟ್ಟಾಯಿತು. ಫೋನು ಅವಳ ಸೊಂಟದಲ್ಲಿ, ತಾರೀಖು ಬರೆದ ನೋಟ್‌ಬುಕ್ಕು ಮನೆಗೋಡೆಯ ಮಾಡದಲ್ಲಿ. ಬುಟ್ಟಿ ಹೊತ್ತಾಗ ಬಂದ ಫೋನಿಗೆ ನೆನಪಿನ ಮೇಲೆ "ಹೂಂ, ಬರ್ತೀವ್ರಿ" ಅಂದುಬಿಟ್ಟಳು. ಒಂದೇ ಗುರುವಾರಕ್ಕೆ ಎರಡು ಸ್ಲ್ಯಾಬು! ಒಂದು ಕಡೆ ಕೆಲಸ ನಿಂತುಹೋಯಿತು. ಅಲ್ಲಿನ ಸೂಪರ್‌ವೈಜರು ಎಲ್ಲರ ಎದುರಿಗೇ ಹಿಂದಿಯಲ್ಲಿ ಗದರಿದ. ಇನ್ನೊಮ್ಮೆ ಹೀಗಾದರೆ ಗುಂಪನ್ನು ಬಾಲಪ್ಪ ಮೇಸ್ತ್ರಿಯ ಕೈಗೆ ಕೊಡುತ್ತೇನೆ, ನೀನೂ ಅವನ ಕೈಕೆಳಗೆ ಬುಟ್ಟಿ ಹೊರು ಅಂದ.

"ತಾರೀಖು ನೆನಪಿಡೂದು ಹೆಣ್ಮಕ್ಕಳ ಕೆಲಸ ಅಲ್ಲ ಬಿಡು ಸತ್ಯವ್ವ" ಎಂದು ಅಲ್ಲೇ ನಿಂತಿದ್ದ ಬಾಲಪ್ಪ ಮೀಸೆಯಡಿಯಲ್ಲಿ ನಕ್ಕ. ಆ ನಗು ಅವಳ ಎದೆಗೆ ಚುಚ್ಚಿತು.

ಮರುದಿನವೇ ಅವಳು ಮಾರ್ಕೆಟ್ಟಿನ ಹಿಂದಿದ್ದ ಜುನೇದನ ಹಳೆ ಮೊಬೈಲ್ ಅಂಗಡಿಗೆ ಹೋದಳು. ಫೋನೂ ಡೈರಿಯೂ ಒಂದರಲ್ಲೇ ಇರುವಂಥದ್ದು ಬೇಕು ಅಂದಳು.

ಜುನೇದ ಹುಬ್ಬಳ್ಳಿಯವನು, ಬಾಯಿ ತುಸು ಮುಂದು. "ಅಂಥಾದ್ದು ಸಾಹೇಬರು ಇಟ್ಕೊಳ್ಳೂದ್ರಿ ಅಕ್ಕಾರ."

"ಯಾಕ, ಸಾಹೇಬರಿಗಷ್ಟೇ ಮರವು ಇರ್ತೈತೇನು? ತಗಿ ಹೊರಗ."

ಅವನು ಎರಡು ತೆಗೆದಿಟ್ಟ. ಒಂದಕ್ಕೆ ಹೆಸರುಕಾಳಿನಷ್ಟು ಸಣ್ಣ ಗುಂಡಿಗಳು, ಇಂಗ್ಲಿಷಿನ ಇಪ್ಪತ್ತಾರೂ ಅಕ್ಷರ. ಗಟ್ಟಿ ಜೀವ, ಮೂರು ದಿನ ಚಾರ್ಜು ಬೇಡ. ಇನ್ನೊಂದಕ್ಕೆ ಅಂಗೈಯಗಲದ ಗಾಜು, ಪಕ್ಕದಲ್ಲಿ ಸಿಕ್ಕಿಸಿದ ಪ್ಲಾಸ್ಟಿಕ್ ಕಡ್ಡಿ. ಗಾಜಿನ ಮೇಲೆ ಕಡ್ಡಿಯಿಂದಲೇ ಬರೆಯಬೇಕು.

"ಇದು ಬ್ಯಾಡ್ರಿ. ಬಿದ್ರ ಒಡೀತೈತಿ, ಭಾರ ಐತಿ, ಸಂಜಿಗೆ ಚಾರ್ಜ್ ಖಾಲಿ. ಪೂರಾ ಖಾಲಿ ಆತಂದ್ರ ಬರದದ್ದೆಲ್ಲಾ ಅಳಿಸಿ ಹೋಗ್ತೈತಿ. ಗುಂಡೀದು ತಗೋರಿ, ಹೆಸರು ತಾರೀಖು ನಾನೇ ಇಂಗ್ಲಿಷಿನ್ಯಾಗ ಹೊಡದು ಕೊಡ್ತೇನಿ."

ಸತ್ಯವ್ವನಿಗೆ ಒಳಗೊಳಗೇ ಹೆದರಿಕೆಯಾಯಿತು. ಮೋತಿ ಡೊಂಗರ್‌ನ ಕರೆಂಟು ಎಂಥದೆಂದು ಅವಳಿಗೆ ಗೊತ್ತಿತ್ತು. ಆದರೆ ಅವಳು ಕಲಿತದ್ದು ನಾಲ್ಕನೇ ಇಯತ್ತೆ, ಕನ್ನಡ ಶಾಲೆ. ಪ್ರತಿ ತಾರೀಖಿಗೂ ಇವನ ಅಂಗಡಿಗೆ ಓಡಿಬಂದು, ಇವನು ಹೊಡೆದದ್ದನ್ನು ಇವನ ಕೈಲೇ ಓದಿಸಿಕೊಳ್ಳುವ ಕರ್ಮ ಯಾರಿಗೆ ಬೇಕು? ಕಡ್ಡಿ ತೆಗೆದು ಗಾಜಿನ ಮೇಲೆ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಗುಂಪಿನವಳೊಬ್ಬಳ ಹೆಸರು, 'ಹುಲಿಗೆಮ್ಮ' ಎಂದು ಗೀಚಿದಳು. ಗೀಚಿದ್ದು ಗೀಚಿದ ಹಾಗೆ ಉಳಿಯಿತು.

"ಇದಕ್ಕ ಕನ್ನಡ ತಿಳಿಯಂಗಿಲ್ರಿ, ಚಿತ್ರ ಅಂತ ಇಟ್ಕೋತೈತಿ" ಎಂದ ಜುನೇದ.

"ಇಟ್ಕೊಂಡ್ರ ಸಾಕು. ತಿಳ್ಕೊಳ್ಳಾಕ ನಾ ಇಲ್ಲೇನು?"

ಕಡ್ಡಿ ಫೋನೇ ಮನೆಗೆ ಬಂತು. ಭಾರವೆಂದರೆ ಭಾರ! ಬುಟ್ಟಿ ಎತ್ತುವಾಗ ಸೊಂಟಕ್ಕೆ ಒತ್ತುತ್ತಿತ್ತು. ಮಧ್ಯಾಹ್ನ ಎಲ್ಲರೂ ರೊಟ್ಟಿ ಬಿಚ್ಚಿದರೆ ಇವಳು ಚಾ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ಕಾವಲು ಕೂರುತ್ತಿದ್ದಳು. ಗುಂಪಿನ ಹೆಣ್ಣುಮಕ್ಕಳು "ಅಕ್ಕ ಕೂಸು ಮಲಗಿಸಾಕತ್ತಾಳ" ಎಂದು ಕಾಡಿಸುತ್ತಿದ್ದರು. ಬೈದುಕೊಂಡೇ ಕಾದಳು. ಒಪ್ಪಿದ ಪ್ರತಿ ತಾರೀಖನ್ನೂ ಒಪ್ಪಿದ ಜಾಗದಲ್ಲೇ ನಿಂತು ಬರೆದಳು.

ಡಿಸೆಂಬರಿನಲ್ಲಿ ಅದೇ ಸೂಪರ್‌ವೈಜರು ಬಾಲಪ್ಪನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಶುಕ್ರವಾರ ಇಲ್ಲಿ ಸ್ಲ್ಯಾಬು, ಗುಂಪು ಬರಲಿ ಅಂದ. ಮೊದಲಿನ ಸತ್ಯವ್ವನಾಗಿದ್ದರೆ ಹೆದರಿ ಹೂಂ ಅನ್ನುತ್ತಿದ್ದಳು. ಈಗ ಫೋನು ತೆಗೆದು ನೋಡಿದಳು.

"ಆಗೂದಿಲ್ರಿ. ಶುಕ್ರವಾರ ಸಾವರ್ಡೆ ಊರಾಗ ಬ್ಯಾರೆ ಸ್ಲ್ಯಾಬು ಐತಿ. ಶನಿವಾರ ಬರ್ತೀವಿ."

ಹಾಗಾದರೆ ಗುಂಪು ಇವತ್ತಿನಿಂದಲೇ ಬಾಲಪ್ಪನದು ಎಂದು ಸೂಪರ್‌ವೈಜರು ಸಿಡಿದ. ಸತ್ಯವ್ವ ಹೆಸರಿನ ಪಟ್ಟಿ ತೆರೆದು ಫೋನನ್ನು ಬಾಲಪ್ಪನ ಕೈಗೇ ಕೊಟ್ಟಳು. "ತಗೋ ಅಣ್ಣಾ, ಹದಿನಾಕು ಮಂದಿ ಅದಾರ. ಯಾವ ಅಂಗಡಿಗೆ ಫೋನ್ ಮಾಡಿದ್ರ ಯಾರನ್ನ ಕರದು ಕೊಡ್ತಾರಂತ ನಂಬರೂ ಅದಾವು. ಕರಿ, ಬಂದವ್ರನ್ನ ಕರ್ಕೊಂಡು ಹೋಗು."

ಬಾಲಪ್ಪ ಗತ್ತಿನಿಂದ ಮೊದಲ ನಂಬರು ಒತ್ತಿ, ಅಂಗಡಿಯವನು ಕರೆದುಕೊಟ್ಟವಳಿಗೆ ಶುಕ್ರವಾರ ಇಲ್ಲಿಗೆ ಬಾ ಅಂದ. ಅತ್ತ ಭೀಮಿಬಾಯಿಯ ದನಿ ದೂರ ನಿಂತವರಿಗೂ ಕೇಳುವಂತಿತ್ತು. "ಶುಕ್ರವಾರ ನಾವು ಸಾವರ್ಡೆಕ್ಕ ಹೊಂಟೀವಿ. ಅಕ್ಕ ಮಾತು ಕೊಟ್ಟಾಳ. ನೀ ಯಾಂವ?"

ಹುಲಿಗೆಮ್ಮನಿಗೆ ಮಾಡಿದ. ಅವಳು 'ನೀ ಯಾಂವ' ಎಂದೂ ಕೇಳಲಿಲ್ಲ, ನೇರ ಬೈದಳು. ಮೂರನೆಯವಳು ಅಕ್ಕನಿಗೆ ಫೋನು ಕೊಡು ಅಂದಳು. ನಾಲ್ಕನೆಯದನ್ನು ಒತ್ತಲು ಬಾಲಪ್ಪನಿಗೆ ಮನಸ್ಸಾಗಲಿಲ್ಲ, ತಲೆ ತಗ್ಗಿಸಿ ಫೋನು ತಿರುಗಿ ಕೊಟ್ಟ.

ಸೂಪರ್‌ವೈಜರು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಶನಿವಾರ ಬೆಳಿಗ್ಗೆ ಏಳಕ್ಕೆ ಬರಬೇಕು ಅಂದ.

"ಎಂಟಕ್ಕ" ಅಂದಳು ಸತ್ಯವ್ವ, ಅವನ ಮುಖವನ್ನೂ ನೋಡದೆ ಬರೆದುಕೊಳ್ಳುತ್ತ.