ಬಿಸಿಲು ತಾಗದವಳು

ನಮ್ಮ ಮನೆಯಲ್ಲಿ ಬಿಸಿಲು ಒಬ್ಬಳಿಗೆ ಮಾತ್ರ ತಾಗುತ್ತಿತ್ತು. ಅವಳು ನನ್ನ ತಂಗಿ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಹಾಲಿನಂಥ ಬಣ್ಣದವಳು. ದೊಡ್ಡವಳು ಅಪ್ಪನ ಕಡೆ, ಚಿಕ್ಕವಳು ಅಮ್ಮನ ಕಡೆ ಎಂದು ಮನೆಗೆ ಬಂದವರೆಲ್ಲ ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಹೇಳುತ್ತಿದ್ದರು. ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆ, ಗದ್ದೆ, ಬಳಿಯೆಂಬ ಕುಲದ ಹೆಸರು ಎಲ್ಲವೂ ತಾಯಿಯ ಕಡೆಯಿಂದಲೇ ಬರಬೇಕು. ಬಣ್ಣವೊಂದನ್ನು ಮಾತ್ರ ನಾನು ಕೇಳದೆ ಬೇರೆ ಮನೆಯಿಂದ ತಂದುಕೊಂಡಿದ್ದೆ.

ಎರಡನೆಯ ಮಹಾಯುದ್ಧಕ್ಕೂ ಮುಂಚಿನ ಮಾತು. ನಮ್ಮ ಮನೆ ಅತ್ತಾವರದಲ್ಲಿ, ಶಾಲೆ ಕೊಡಿಯಾಲ್‌ಬೈಲಿನ ಹತ್ತಿರ. ದಿನಾ ನಡೆದೇ ಹೋಗಬೇಕು. ಬೆಳಿಗ್ಗೆ ಗಂಜಿ ಊಟವಾದ ಮೇಲೆ ಅಮ್ಮ ಒಳಗಿನ ಕೋಣೆಯಲ್ಲಿ ಗಂಧದ ಕಲ್ಲು ಹಾಕಿಕೊಂಡು ಕೂರುತ್ತಿದ್ದಳು. ಗಂಧ ತೇದು, ಅದಕ್ಕೆ ಚೂರು ಕಸ್ತೂರಿ ಅರಿಶಿನ ಬೆರೆಸಿ, ತಂಗಿಯ ಮುಖಕ್ಕೂ ಕುತ್ತಿಗೆಗೂ ತೆಳ್ಳಗೆ ಹಚ್ಚುತ್ತಿದ್ದಳು. ಬಿಸಿಲಿಗೆ ಅದೊಂದು ಮುಸುಕು ಇದ್ದಂತೆ ಎಂದು ಅವಳ ನಂಬಿಕೆ. ಆ ಹೊತ್ತಿಗೆ ನಾನು ಇಬ್ಬರ ಪುಸ್ತಕದ ಚೀಲಗಳನ್ನೂ ಕೊಡೆಯನ್ನೂ ಹಿಡಿದು ಗೇಟಿನ ಹತ್ತಿರ ಕಾಯುತ್ತಿರುತ್ತಿದ್ದೆ. ಒಳಗೆ ಕಲ್ಲಿನ ಸದ್ದು ನಿಂತು ಎಷ್ಟೋ ಹೊತ್ತಾದ ಮೇಲೆ ತಂಗಿ ಹೊರಗೆ ಬರುತ್ತಿದ್ದಳು. ಇಷ್ಟು ಹೊತ್ತು ಎಂತ ಮಾಡುತ್ತಾರೆ ಎಂದು ನನ್ನ ಮೈ ಉರಿಯುತ್ತಿತ್ತು.

ಒಮ್ಮೆ ನಾನೂ ಕೇಳಿದ್ದೆ. ನಾವು ಮನೆಯಲ್ಲಿ ಆಡುವುದು ತುಳು. ಅಮ್ಮ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಬೇಕಾದರೆ ಹೀಗೆ:

"ನಿನಗೆ ಎಂತಕ್ಕೆ ಮಾರಾಯ್ತಿ? ಕಪ್ಪಿಗೆ ಬಿಸಿಲು ಹಿಡಿಯುದಿಲ್ಲ. ನೀನು ಗಟ್ಟಿ."

ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದಳು. ಅಮ್ಮ ಕೆಟ್ಟವಳಲ್ಲ. ಮೀನಿನ ನಡುತುಂಡು ನನ್ನ ಬಟ್ಟಲಿಗೇ ಬೀಳುತ್ತಿತ್ತು, ಭತ್ತ ತುಂಬಿಡುವ ಪತ್ತಾಯದ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಆದರೆ ನನಗೆ ಬೇಕಾದದ್ದು ಮೀನಲ್ಲ, ಬೀಗದ ಕೈಯೂ ಅಲ್ಲ. ನನ್ನ ಮುಖವನ್ನೂ ಬಿಸಿಲಿನಿಂದ ಕಾಪಾಡಬೇಕು ಎಂದು ಅಮ್ಮನಿಗೆ ಒಂದು ದಿನವಾದರೂ ಅನಿಸಬೇಕಿತ್ತು. ಅಷ್ಟೇ ನನ್ನ ಆಸೆ.

ಕೊಡೆಯದ್ದು ಇನ್ನೊಂದು ಕಥೆ. ಅಮ್ಮನ ಅಣ್ಣ, ಮನೆಯ ಯಜಮಾನರಾದ ನಮ್ಮ ಮಾವ, ಬಂದರಿನಿಂದ ಒಂದು ಕಪ್ಪು ಬಟ್ಟೆಯ ಕೊಡೆ ತಂದಿದ್ದರು. ಇಬ್ಬರಿಗೂ ಎಂದೇ ತಂದದ್ದು. ನಾನು ಉದ್ದವಿದ್ದೆನಾದ್ದರಿಂದ ಹಿಡಿಯುವ ಕೆಲಸ ನನ್ನದಾಯಿತು. ಹಿಡಿಯುವುದು ತಂಗಿಯ ತಲೆಯ ಮೇಲೆ. ಬೆಳಿಗ್ಗೆ ಬಡಗಣಕ್ಕೆ ನಡೆಯುವಾಗ ಸೂರ್ಯ ನಮ್ಮ ಬಲಕ್ಕೆ, ಸಂಜೆ ತೆಂಕಣಕ್ಕೆ ಹಿಂದಿರುಗುವಾಗಲೂ ಬಲಕ್ಕೇ. ತಂಗಿಯನ್ನು ಎಡಕ್ಕೆ ಹಾಕಿಕೊಂಡು ನಾನು ಬಲಕ್ಕೆ ನಡೆಯಬೇಕೆಂದು ಅಮ್ಮನ ಅಪ್ಪಣೆ. ಹಾಗಾಗಿ ಅವಳಿಗೆ ಬಟ್ಟೆಯದೊಂದು, ನನ್ನ ಮೈಯದೊಂದು, ಹೀಗೆ ಎರಡು ಕೊಡೆ.

ಅವಳು ಜಂಬದವಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಜಗಳವಾಡಿ ಜಡೆ ಹಿಡಿದೆಳೆದು ಹಗುರಾಗಬಹುದಿತ್ತು. ಅವಳು ದಾರಿಯಲ್ಲಿ ಕೊಡೆಯ ಕೋಲನ್ನು ಮೆಲ್ಲಗೆ ನನ್ನ ಕಡೆ ದೂಡುತ್ತಿದ್ದಳು. "ಅಕ್ಕ, ನೀನೂ ಸ್ವಲ್ಪ ಒಳಗೆ ಬಾ" ಎನ್ನುತ್ತಿದ್ದಳು. ಅವಳ ಒಳ್ಳೆಯತನವನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ. ಗಂಧ ಹಚ್ಚಿಸಿಕೊಂಡು ಬಂದವರಿಗೆ ಒಳ್ಳೆಯವರಾಗುವುದೇನು ಕಷ್ಟ?

ಒಂದು ಬೇಸಗೆ ರಜೆಯಲ್ಲಿ ಮಾವ ನಮ್ಮನ್ನೆಲ್ಲ ಹೊಳೆ ದಾಟಿಸಿ ಉಳ್ಳಾಲದ ನೆಂಟರ ಮನೆಗೆ ಕರೆದುಕೊಂಡು ಹೊರಟರು. ಗಂಧ ಸಿಗದಿದ್ದರೆ ಬೇಡ, ನನ್ನ ಮುಖಕ್ಕೆ ನಾನೇ ಉಪಾಯ ಹುಡುಕುತ್ತೇನೆಂದು ಅಂದು ಬೆಳಿಗ್ಗೆ ತೀರ್ಮಾನಿಸಿದೆ. ನಮ್ಮ ಊರಿನಲ್ಲಿ ತೆಂಗಿನೆಣ್ಣೆ ಎಂದರೆ ತಂಪು. ತಲೆ ಬಿಸಿಯಾದರೆ ಎಣ್ಣೆ, ಕಣ್ಣು ಉರಿದರೆ ಎಣ್ಣೆ, ಅಂಗಾಲಿಗೂ ಎಣ್ಣೆ. ತಂಪಾದದ್ದು ಬಿಸಿಲಿಗೆ ಆಗದೆ ಇರುತ್ತದೆಯೇ? ಮುಖ, ಕೈ, ಕುತ್ತಿಗೆ ಮಿರಮಿರನೆ ಹೊಳೆಯುವಷ್ಟು ಬಳಿದುಕೊಂಡೆ. ಹೊಳೆಯಲ್ಲಿ ನೀರಿನ ಇಳಿತವಿದ್ದ ಕಾರಣ ದೋಣಿ ನಡುವೆಯೇ ಮರಳಿನ ದಿಬ್ಬಕ್ಕೆ ತಾಗಿ ನಿಂತಿತು. ಮೇಲಿನಿಂದ ಬಿಸಿಲು, ಕೆಳಗೆ ನೀರಿನಿಂದ ಬಿಸಿಲು. ತಂಗಿ ಕೊಡೆಯೊಳಗೆ. ನನ್ನ ಮುಖ ಮೊದಲು ಬೆಚ್ಚಗಾಯಿತು, ಆಮೇಲೆ ಚುರುಗುಟ್ಟಿತು. ಮರುದಿನ ಮೂಗಿನ ಮೇಲಿನ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಎದ್ದು ಬಂತು.

ಅಮ್ಮ ನಕ್ಕುಬಿಟ್ಟಳು. "ಎಣ್ಣೆ ಹಾಕಿ ಬಿಸಿಲಲ್ಲಿ ಕೂತರೆ ಮೀನು ಹುರಿದ ಹಾಗೆ ಆಗ್ತದೆ. ಅಡಿಗೆಮನೆಯಲ್ಲಿ ಮಜ್ಜಿಗೆ ಉಂಟು, ಹಚ್ಚಿಕೋ ಹೋಗು" ಎಂದಳು. ನಾನು ಹೋಗಿ ಹಚ್ಚಿಕೊಂಡೆ. ಮರಳಿ ಬಂದು ನೋಡಿದರೆ ತಂಗಿಯ ಕೆನ್ನೆ ಒಂಚೂರು ಕೆಂಪಾಗಿದೆಯೆಂದು ಅಮ್ಮ ಗಂಧ ತೇಯುತ್ತ ಕೂತಿದ್ದಳು. ನನ್ನ ಚರ್ಮ ತಾನಾಗಿಯೇ ವಾಸಿಯಾಯಿತು. ಬೇಗನೆ ಯಾಕೆ ವಾಸಿಯಾಯಿತೋ ಎಂದು ನನಗೆ ಅದರ ಮೇಲೂ ಸಿಟ್ಟು.

ಕಾಲ ಹೋಯಿತು. ತಂಗಿಗೆ ಬೊಂಬಾಯಿಯಲ್ಲಿ ಹೋಟೆಲು ನಡೆಸುವವರ ಮನೆಯಿಂದ ಸಂಬಂಧ ಬಂತು, ಮದುವೆಯಾಗಿ ಹೋದಳು. ನಾನು ಉಳ್ಳಾಲದ ಪ್ರಾಥಮಿಕ ಶಾಲೆಯಲ್ಲಿ ಟೀಚರಾದೆ. ದಿನಾ ದೋಣಿಯಲ್ಲಿ ಹೋಗಿ ಬರುವ ಕೆಲಸ. ಅದೇ ಹೊಳೆ, ಅದೇ ಎರಡು ಕಡೆಯ ಬಿಸಿಲು. ಈಗ ಕೊಡೆ ಪೂರ್ತಿ ನನ್ನದೇ, ಆದರೆ ನೀರಿನಿಂದ ಏಳುವ ಬಿಸಿಲಿಗೆ ಕೊಡೆ ಏನು ಮಾಡೀತು? ಬೇಸಗೆಯಲ್ಲಿ ಕೆನ್ನೆ ಉರಿಯುತ್ತಿತ್ತು. ಕಪ್ಪಿಗೂ ಉರಿಯುತ್ತದೆ.

ಹಂಪನಕಟ್ಟೆಯ ಇಂಗ್ಲಿಷ್ ಔಷಧದ ಅಂಗಡಿಗೆ ಒಂದು ಶನಿವಾರ ಹೋದೆ. ಬಿಸಿಲಿಗೆ ಮುಖಕ್ಕೆ ಹಚ್ಚುವಂಥದ್ದು ಎಂತ ಉಂಟು ಎಂದು ಕೇಳಿದೆ. ಯುದ್ಧದಿಂದ ವಿಲಾಯತಿ ಸರಕು ಕಡಿಮೆಯಾಗುತ್ತಿದ್ದ ಕಾಲ. ಆದರೂ ಅಂಗಡಿಯವರು ಮೂರು ಬಗೆ ತೆಗೆದಿಟ್ಟರು. ಒಂದು ಡಬ್ಬಿಯಲ್ಲಿ ಗಟ್ಟಿ ಬಿಳಿ ಮುಲಾಮು, ಒಂದು ಸೀಸೆಯಲ್ಲಿ ಕುಲುಕಿ ಹಚ್ಚುವ ಗುಲಾಬಿ ಬಣ್ಣದ ನೀರು, ಇನ್ನೊಂದು ಬಿಳಿ ಗಾಜಿನ ಕುಪ್ಪಿಯಲ್ಲಿ ಸ್ನೋ ಎನ್ನುವ ಹಗುರವಾದ ಮುಖದ ಲೇಪ.

"ಯಾರಿಗೆ ಟೀಚರೇ?" ಎಂದು ಕೇಳಿದರು.

"ಯಾರಿಗಾದರೆ ಎಂತ?"

"ಅಲ್ಲ, ಬಣ್ಣ ನೋಡಿ ಕೊಡ್ಬೇಕಲ್ಲ. ನಿಮ್ಮ ತಂಗಿಗಾದರೆ ಸ್ನೋ ಚೆಂದ."

ಬೊಂಬಾಯಿಗೆ ಹೋಗಿ ಕೂತವಳ ಬಣ್ಣ ಈ ಪೇಟೆಯವರಿಗೆ ಇನ್ನೂ ನೆನಪಿದೆ. ಎದುರಿಗೆ ನಿಂತ ನನ್ನ ಮುಖ ಕಾಣುವುದಿಲ್ಲ. ನಾನು ಮೂರನ್ನೂ ಮುಂಗೈಗೆ ಹಚ್ಚಿ ನೋಡಿದೆ. ಮುಲಾಮು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ ಕೂತಿತು. ಗುಲಾಬಿ ನೀರು ಒಣಗಿ ಬಿರುಕು ಬಿಟ್ಟಿತು. ಸ್ನೋ ಮಾತ್ರ ಎರಡು ಸಲ ಉಜ್ಜಿದರೆ ಎಲ್ಲಿ ಹೋಯಿತೋ ತಿಳಿಯಲಿಲ್ಲ, ಚರ್ಮ ನುಣ್ಣಗಾಯಿತು. ಇದೇ ಕೊಡಿ ಎಂದೆ. ನನಗೆ ಎಂದು ಮಾತ್ರ ಹೇಳಲಿಲ್ಲ. ಅದಕ್ಕಾಗಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಆ ಸ್ನೋ ಬಿಸಿಲನ್ನು ಎಷ್ಟು ತಡೆಯಿತೋ ನಾನರಿಯೆ. ಈಗಿನವರು ಅದರಿಂದ ಏನೂ ಆಗಿರಲಿಕ್ಕಿಲ್ಲ ಎನ್ನುತ್ತಾರೆ. ಬೆಳಿಗ್ಗೆ ಅದನ್ನು ಹಚ್ಚಿಕೊಂಡು ದೋಣಿ ಹತ್ತಿದರೆ ನನಗೆ ಒಂದು ಧೈರ್ಯ. ಕುಪ್ಪಿಯನ್ನು ನಾನು ಮುಚ್ಚಿಡಲಿಲ್ಲ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಅಮ್ಮನ ಕಣ್ಣಿಗೆ ಬೀಳುವ ಹಾಗೇ ಇಟ್ಟೆ. ಇದೆಂತ ಎಂದು ಅವಳು ಕೇಳಲಿ ಎಂದು. ಅವಳು ದಿನಾ ಹಲಗೆ ಒರೆಸುವಾಗ ಕುಪ್ಪಿಯನ್ನೆತ್ತಿ, ಅದರಡಿ ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಕೇಳಲೇ ಇಲ್ಲ.

ಯಾಕೆ ಕೇಳಲಿಲ್ಲ ಎಂಬುದು ಮೇ ತಿಂಗಳಲ್ಲಿ ತಂಗಿ ಬೊಂಬಾಯಿಯಿಂದ ಬಂದಾಗ ಗೊತ್ತಾಯಿತು. ನಾನು ಸ್ನಾನ ಮುಗಿಸಿ ಒಳಗೆ ಬಂದರೆ ಅಮ್ಮ ಕುಪ್ಪಿಯ ಮುಚ್ಚಳ ತೆಗೆದಿದ್ದಳು. ತಂಗಿಯ ಮೂಗಿನ ಮೇಲೆ ಆಗಲೇ ಒಂದು ಬೊಟ್ಟು ಸ್ನೋ ಇತ್ತು.

"ನೋಡು, ಅಕ್ಕ ನಿನಗೆಂದೇ ತಂದಿಟ್ಟಿದ್ದಾಳೆ. ನೀನು ಬರುವ ಮೊದಲೇ ತಂದದ್ದು" ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು.

ಕುಪ್ಪಿ ಅರ್ಧ ಖಾಲಿಯಾದದ್ದು ತಂಗಿಗೆ ಕಂಡಿತ್ತು. ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿದಳು.

"ಅದು ನನ್ನದು" ಎಂದೆ.

ಅಮ್ಮ ತಿರುಗಿದಳು. "ನಿನಗೆ ಎಂತಕ್ಕೆ?"

ಚುಚ್ಚಲೆಂದು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಆ ಪ್ರಶ್ನೆಗೆ ಎಷ್ಟೋ ವರ್ಷಗಳಿಂದ ನಾನು ಖಾರದ ಉತ್ತರಗಳನ್ನು ಅರೆದಿಟ್ಟುಕೊಂಡಿದ್ದೆ.

"ನನಗೂ ಬಿಸಿಲು ತಾಗ್ತದೆ ಅಮ್ಮ" ಎಂದೆ.

ತಂಗಿ ಮೂಗಿನ ಮೇಲಿನದ್ದನ್ನು ಸೆರಗಿನಿಂದ ಒರೆಸಿಕೊಂಡು, ಅಕ್ಕಿ ಬೇಯುತ್ತಿದೆ ಎಂದು ಅಡಿಗೆಮನೆಗೆ ಹೋದಳು. ಅಮ್ಮ ಕುಪ್ಪಿ ಹಿಡಿದುಕೊಂಡೇ ಮಣೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

"ಕೂತುಕೋ."

ಕೂತೆ. ಅವಳು ಎದುರಿಗೆ ಕೂತು ಎಡಗೈಯಿಂದ ನನ್ನ ಗಲ್ಲ ಹಿಡಿದಳು. ಬಲಗೈಯ ಎರಡು ಬೆರಳಿನಲ್ಲಿ ಸ್ನೋ ತೆಗೆದು ಹಣೆಗೆ, ಕೆನ್ನೆಗೆ, ಕಿವಿಯ ಹಿಂದಕ್ಕೆ ಹಚ್ಚಿದಳು. ಕಿವಿಯ ಹಿಂದೆಯೂ ಹಚ್ಚಬೇಕೆಂದು ನನಗೆ ಗೊತ್ತಿರಲಿಲ್ಲ. ಕಣ್ಣಿನ ಸುತ್ತ ಬರುವಾಗ "ಮುಚ್ಚು" ಎಂದಳು, ಮುಚ್ಚಿದೆ. ಎಲ್ಲ ಮುಗಿಯಿತೆಂದು ನಾನು ಏಳಹೊರಟೆ. ಅವಳು ಗಲ್ಲ ಬಿಡಲಿಲ್ಲ. ಇನ್ನೂ ಹತ್ತಿರ ಬಗ್ಗಿ, ನನ್ನ ಮುಖದ ಮೇಲೆ ಮೆಲ್ಲಗೆ ಊದತೊಡಗಿದಳು. ಹಣೆಯಿಂದ ಶುರುಮಾಡಿ ಕೆನ್ನೆಗೆ, ಅಲ್ಲಿಂದ ಕುತ್ತಿಗೆಗೆ, ಎಲೆಯಡಿಕೆಯ ವಾಸನೆಯ ಬೆಚ್ಚನೆಯ ಉಸಿರು. ಸ್ನೋವನ್ನು ಊದಿ ಒಣಗಿಸಬೇಕಾಗಿಲ್ಲ. ಅದು ಹಸಿ ಗಂಧ ಬೇಗ ಆರಲೆಂದು ಊದಿ ಊದಿ ಬಿದ್ದ ಅಭ್ಯಾಸ.

ನಾನು ಕಣ್ಣು ತೆರೆಯಲಿಲ್ಲ. ತಂಗಿಗೆ ಇದು ಪ್ರತಿ ದಿನ ಬೆಳಿಗ್ಗೆ ಸಿಗುತ್ತಿತ್ತು. ಅಷ್ಟೂ ವರ್ಷ ನಾನು ಪಟ್ಟ ಹೊಟ್ಟೆಕಿಚ್ಚು ಏನೇನೂ ಸಾಲದಾಗಿತ್ತು.